ಬೆಂಕಿ ಕಾಲ ಅಂತ ಗುಡ್ಡದ ದಾರಿ ಬಂದ್. ಕಲಬುರಗಿ ಕಡೆ ಇನ್ನು ಸೈಕಲ್ ಎಲ್ಲಿ ಹೊಡೆಯೋದು?

ದಾಲ್‌ಮಿಲ್ ಸವಾರ

ಎಲ್ಲರಿಗೂ ನಮಸ್ಕಾರ. ಕಲಬುರಗಿ ಗಂಜ್‌ನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸೈಕಲ್ ಹುಚ್ಚು ಇದೆ. ಗಾಡಿ ಹಳೆಯ ಹಾರ್ಡ್‌ಟೇಲ್, ಮುಂದಿನ ಸಸ್ಪೆನ್ಷನ್ ಒಂದೇ ಅದರ ಸುಖ. ರಸ್ತೆ ಮೇಲೆ ಹೊಡೆಯೋಕೆ ನನಗೆ ಮನಸ್ಸಿಲ್ಲ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಪಕ್ಕ ಒಂದು ಸಲ ಹೋಗಿ ನೋಡಿ, ಯಾಕೆ ಅಂತ ಗೊತ್ತಾಗುತ್ತೆ.

ಹಾಗಾಗಿ ನನಗೆ ಚಿಂಚೋಳಿ ಕಡೆ ಕಾಡೇ ಗತಿ. ಸುತ್ತ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ನೋಡಿ ನೋಡಿ ಬೇಜಾರಾದ ಕಣ್ಣಿಗೆ ಅಲ್ಲಿ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು, ತೇಗ, ಮುತ್ತುಗ. ಚೀಟಿ ಮಾಡಿಸಿ ಒಳಗೆ ಹೋದರೆ ಒಂದು ಉದ್ದ ಇಳಿಜಾರು ಸಿಗುತ್ತದೆ. ಅಗಲವಾಗಿ, ಸ್ವಚ್ಛವಾಗಿ, ಗುಡಿಸಿ ಇಟ್ಟ ಹಾಗೆ ಇರುತ್ತದೆ. ಬ್ರೇಕ್ ಮೇಲಿನ ಬೆರಳು ತೆಗೆಯಬಹುದಾದ ಜಾಗ ನನ್ನ ಲೆಕ್ಕದಲ್ಲಿ ಇಡೀ ಜಿಲ್ಲೆಯಲ್ಲಿ ಅದೊಂದೇ. ಎಲ್ಲಿದೆ ಅಂತ ಇಲ್ಲಿ ಬರೆಯಲ್ಲ, ಗೊತ್ತಿದ್ದವರಿಗೆ ಗೊತ್ತು.

ಸಮಸ್ಯೆ ಇಷ್ಟೇ. ಹೊಸ ತೊಗರಿ ಬರೋದು ಡಿಸೆಂಬರ್‌ಗೆ ಶುರು. ಅಲ್ಲಿಂದ ಮುಂದೆ ಮಿಲ್ ಹಗಲು ರಾತ್ರಿ ಓಡುತ್ತೆ, ನನಗೆ ಭಾನುವಾರವೂ ಇಲ್ಲ. ಮಾರ್ಚ್ ಹೊತ್ತಿಗೆ ಸ್ವಲ್ಪ ಉಸಿರಾಡೋಕೆ ಸಿಗುತ್ತೆ. ಆಗ ಗೆಳೆಯನ ಟಂಟಂನಲ್ಲಿ ಸೈಕಲ್ ಹಾಕಿಕೊಂಡು, ಕತ್ತಲಲ್ಲೇ ಎದ್ದು, ಬುತ್ತಿ ಕಟ್ಟಿಕೊಂಡು ಹೋದರೆ ಗೇಟಿಗೆ ಅಡ್ಡ ಬಿದಿರು. "ಬೆಂಕಿ ಕಾಲ ಸರ್, ಮಳೆ ಬರೋವರೆಗೆ ಯಾರನ್ನೂ ಬಿಡಲ್ಲ." ಮಳೆ ಬಂದ ಮೇಲೆ ಹುಲ್ಲು ಸೊಂಟದ ಮಟ್ಟ ಬೆಳೆದಿರುತ್ತೆ. ಕಲ್ಲೂ ಕಾಣಲ್ಲ, ಹಾವೂ ಕಾಣಲ್ಲ. ಊರ ಸುತ್ತಲಿನ ಎರಿ ಮಣ್ಣು ಚಕ್ರಕ್ಕೆ ಹತ್ತಿ, ಫೋರ್ಕ್ ಸಂದಿಯಲ್ಲಿ ತುಂಬಿ, ಸೈಕಲ್ ನನ್ನನ್ನು ಹೊರೋ ಬದಲು ನಾನೇ ಸೈಕಲ್ ಹೊರಬೇಕು. ಒಟ್ಟಿನಲ್ಲಿ ವರ್ಷಕ್ಕೆ ನನ್ನ ಪಾಲಿಗೆ ಅಕ್ಟೋಬರ್, ನವೆಂಬರ್ ಅಷ್ಟೇ.

ಕೇಳೋದು ಏನಂದರೆ, ದನ ಒಳಗೆ ಹೋಗುತ್ತೆ, ತಾಂಡಾದವರ ಬೈಕ್ ಹೋಗುತ್ತೆ. ಹೊಗೆ ಬಿಡದ, ಪೆಟ್ರೋಲ್ ಇಲ್ಲದ ಸೈಕಲ್‌ನಿಂದ ಏನು ಬೆಂಕಿ ಬೀಳುತ್ತೆ? ಬೆಳಗ್ಗೆ ಆರರಿಂದ ಎಂಟರವರೆಗಾದರೂ ಬಿಡಬಹುದಲ್ಲ? ಹಿಂದಿನ ಕಡೆಯಿಂದ ಕುರಿ ದಾರಿ ಇದೆ, ಗೇಟೂ ಇಲ್ಲ, ಗಾರ್ಡೂ ಇಲ್ಲ ಅಂತ ಒಬ್ಬರು ಹೇಳಿದರು. ಹೋಗೋಣ ಅನಿಸುತ್ತಿದೆ. ಅದು ಬೇಡ ಅಂದರೆ ಬೇರೆ ಜಾಗ ಆದರೂ ಹೇಳಿ.

ಕುಂಚಾವರಂ ಕಡೆಯವ

ಅಣ್ಣಾ, ನಮ್ಮ ಊರು ಆ ಕಾಡಿನ ಅಂಚಿಗೇ ಇದೆ. ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸಕ್ಕೆ ದಿನಗೂಲಿ ಮೇಲೆ ಹೋಗಿದ್ದೇನೆ. ಅದಕ್ಕೇ ಬರೀತಿದ್ದೇನೆ.

ಮೊದಲು ಆ ಇಳಿಜಾರಿನ ವಿಷಯ. ಯಾವುದು ಅಂತ ಗೊತ್ತಾಯ್ತು. ಗುಡಿಸಿ ಇಟ್ಟ ಹಾಗಿದೆ ಅಂದಿರಲ್ಲ, ನಿಜವಾಗಿಯೂ ಗುಡಿಸಿದ್ದೇ ಅದು. ಅದು ಬೆಂಕಿ ರೇಖೆ. ಡಿಸೆಂಬರ್, ಜನವರಿಯಲ್ಲಿ ಹುಲ್ಲು ಕೊಯ್ದು, ಎಲೆ ಎಳೆದು ಬದಿಗೆ ಹಾಕಿ, ಅದನ್ನು ನಾವೇ ನಿಂತು ಸುಟ್ಟು, ನೆಲ ಬರಿದು ಮಾಡಿರುತ್ತೇವೆ. ಈ ಕಡೆಯ ಬೆಂಕಿ ಆ ಕಡೆ ದಾಟಬಾರದು ಅಂತ. ತೇಗ ಪೂರ್ತಿ ಎಲೆ ಉದುರಿಸೋದು ಆಮೇಲೆ. ಮಾರ್ಚ್‌ನಲ್ಲಿ ಅದೇ ರೇಖೆ ಮೇಲೆ ಮತ್ತೆ ಎಲೆ ಬಿದ್ದಿರುತ್ತೆ, ಹಪ್ಪಳದ ಹಾಗೆ ಮುರಿಯುವಷ್ಟು ಒಣಗಿ. ಮತ್ತೆ ಗುಡಿಸಬೇಕು. ಇತ್ತೀಚೆಗೆ ಗಾಳಿ ಊದುವ ಮಷೀನ್ ಬಂದಿದೆ, ಬೆನ್ನಿಗೆ ಕಟ್ಟಿಕೊಂಡು ಊದುತ್ತಾ ಹೋಗೋದು.

ಸೈಕಲ್‌ನಿಂದ ಬೆಂಕಿ ಬೀಳಲ್ಲ ಅನ್ನೋದು ಬಹುತೇಕ ಸರಿ. ಅದಕ್ಕೆ ಯಾರೂ ತಡೆಯುತ್ತಿಲ್ಲ. ಬೆಂಕಿ ಬೀಳೋದು ಬೀಡಿ ತುಂಡಿನಿಂದ. ಹಿಪ್ಪೆ ಹೂವು ಆರಿಸೋಕೆ ಅನುಕೂಲ ಆಗಲಿ ಅಂತ ಮರದ ಬುಡದ ಎಲೆಗೆ ಕಡ್ಡಿ ಗೀರೋದರಿಂದ. ಹೊಸ ಹುಲ್ಲು ಚಿಗುರಲಿ ಅಂತ ಹಳೆ ಹುಲ್ಲಿಗೆ ಇಡೋದರಿಂದ. ಪಕ್ಕದ ಹೊಲದಲ್ಲಿ ಕೂಳೆ ಸುಡುವಾಗ ಗಾಳಿ ತಿರುಗೋದರಿಂದ. ಬೆಂಕಿ ಇಡೋದು ಮನುಷ್ಯರೇ, ತಾನಾಗೇ ಹತ್ತೋದು ತುಂಬಾ ಕಡಿಮೆ.

ತಡೆಯೋಕೆ ಕಾರಣ ಬೇರೆ. ಬೆಂಕಿ ಸಣ್ಣದಿದ್ದರೆ ಹಸಿ ಟೊಂಗೆ ಮುರಿದು ಬಡಿದು ಆರಿಸುತ್ತೇವೆ. ದೊಡ್ಡದಾದರೆ ಹತ್ತಿರ ಹೋಗೋಕೆ ಆಗಲ್ಲ. ಆಗ ಒಂದೇ ದಾರಿ, ಎದುರು ಬೆಂಕಿ ಕೊಡೋದು. ರೇಖೆಯಲ್ಲಿ ನಿಂತು, ಬರುತ್ತಿರುವ ಬೆಂಕಿಯ ಕಡೆಗೆ ನಾವೇ ಬೆಂಕಿ ಹಚ್ಚುತ್ತೇವೆ. ಎರಡೂ ನಡುವೆ ಸೇರಿ, ಸುಡೋಕೆ ಏನೂ ಉಳಿಯದೆ ಆರುತ್ತವೆ. ಈಗ ಯೋಚನೆ ಮಾಡಿ. ಆ ಎರಡು ಬೆಂಕಿಯ ನಡುವೆ ಒಬ್ಬ ಸೈಕಲ್ ಸವಾರ ಇರಬಹುದು ಅಂತ ಸಣ್ಣ ಅನುಮಾನ ಇದ್ದರೂ ಯಾರು ಕಡ್ಡಿ ಗೀರುತ್ತಾರೆ? ಅವನನ್ನು ಹುಡುಕೋಕೆ ನಾಲ್ಕು ಜನ ಹೋಗಬೇಕು. ಅಷ್ಟರಲ್ಲಿ ಬೆಂಕಿ ಗುಡ್ಡ ಹತ್ತಿರುತ್ತೆ. ದನದ ಹುಡುಗರು ಯಾರು, ಎಲ್ಲಿದ್ದಾರೆ ಅಂತ ಊರವರಿಗೆ ಗೊತ್ತಿರುತ್ತೆ. ಕುರಿ ದಾರಿಯಿಂದ ನುಗ್ಗಿದ ನೀವು ಗೇಟಿನ ಪುಸ್ತಕದಲ್ಲೂ ಇರಲ್ಲ.

ಇನ್ನೊಂದು. ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಜೋರು. ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚೂ ಕಡಿಮೆ ಎರಡು ಪಟ್ಟು ಅಂತ ತರಬೇತಿಯಲ್ಲಿ ಹೇಳಿದ್ದರು. ನೀವು ಏರಿನಲ್ಲಿ ಸೈಕಲ್ ತಳ್ಳೋದು ಎಷ್ಟು ವೇಗ? 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಹತ್ತಿರ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಬೆಂಕಿಗೆ ಸಿಕ್ಕಿಬಿದ್ದರು. 20ಕ್ಕೂ ಹೆಚ್ಚು ಜನ ಸತ್ತರು. ಸುತ್ತ ಒಣ ಹುಲ್ಲಿನ ಗುಡ್ಡ, ಓಡೋಕೆ ಜಾಗ ಇಲ್ಲ.

ಕಾಯ್ದೆ ಓದಿದವಳು

ಕುಂಚಾವರಂ ಅಣ್ಣನವರು ಮುಖ್ಯ ವಿಷಯ ಹೇಳಿಬಿಟ್ಟರು. ನಾನು ಕಾನೂನಿನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಚಿಂಚೋಳಿ 2011ರಿಂದ ವನ್ಯಜೀವಿ ಅಭಯಾರಣ್ಯ, ಸುಮಾರು 135 ಚದರ ಕಿ.ಮೀ. ಅಲ್ಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ 27ನೇ ಕಲಮಿನ ಪ್ರಕಾರ ಒಳಗೆ ಹೋಗಲು ಅನುಮತಿ ಬೇಕು. ಒಳಗೆ ಆಸ್ತಿ ಹಕ್ಕು ಇರುವವರಿಗೆ, ಇರಲು ಅನುಮತಿ ಪಡೆದವರಿಗೆ, ಅವರನ್ನು ಅವಲಂಬಿಸಿದವರಿಗೆ ವಿನಾಯಿತಿ ಇದೆ. ತಾಂಡಾದ ಬೈಕಿಗೂ ನಿಮ್ಮ ಸೈಕಲ್ಲಿಗೂ ಅದೇ ವ್ಯತ್ಯಾಸ. 28ನೇ ಕಲಮಿನಲ್ಲಿ ಪ್ರವಾಸಕ್ಕೂ ಅನುಮತಿ ಕೊಡಬಹುದು ಅಂತ ಇದೆ. ಕೊಡಲೇಬೇಕು ಅಂತ ಇಲ್ಲ. 30ನೇ ಕಲಮು ಬೆಂಕಿಯದು. ಹಚ್ಚುವುದಷ್ಟೇ ಅಲ್ಲ, ಅಪಾಯ ಆಗುವಂತೆ ಉರಿಯಲು ಬಿಟ್ಟು ಬಂದರೂ ಅಪರಾಧ.

ಸಾರ್ವಜನಿಕ ಹೆದ್ದಾರಿ ಹಿಡಿದು ದಾಟಿ ಹೋಗುವವರಿಗೆ ಮಾತ್ರ 27ರಲ್ಲೇ ರಿಯಾಯಿತಿ ಇದೆ. ಡಾಂಬರು ರಸ್ತೆ ಮೇಲೆ ಹೋಗಿ ಬನ್ನಿ, ಇಳಿಯಬೇಡಿ. ಕುರಿ ದಾರಿಯಿಂದ ಹೋಗಿ ಸಿಕ್ಕಿಬಿದ್ದರೆ "ಗೇಟ್ ಇರಲಿಲ್ಲ ಸರ್" ಅನ್ನೋದು ನಡೆಯಲ್ಲ. ಸೈಕಲ್ ಕೂಡ ಜಪ್ತಿ ಆಗಬಹುದು. ಅದೇ ದಿನ ಅಲ್ಲಿ ಬೆಂಕಿ ಬಿದ್ದರಂತೂ ನೀವೇ ಹಚ್ಚಿದ್ದು ಅಂತ ಬರೆದುಕೊಂಡರೂ ಆಶ್ಚರ್ಯ ಇಲ್ಲ.

ಬೀದರ್ ಬ್ರೇಕ್ ವೈರ್

ಎಲ್ಲಾ ಸರಿ ಮೇಡಂ. ಆದರೆ ಬಂದ್ ಅಂತ ನಮಗೆ ಹೇಳೋರು ಯಾರು? ದಾಲ್‌ಮಿಲ್ ಅಣ್ಣ ಸುಮ್ನೆ ಅಷ್ಟು ದೂರ ಹೋಗಿ ಬಿದಿರು ನೋಡಿ ವಾಪಸ್ ಬಂದರು. ನನಗೂ ಒಂದು ಕಡೆ ಹೀಗೇ ಆಗಿದೆ, ಯಾವ ಕಾಡು ಅಂತ ಬೇಡ. ಫೋನ್ ಮಾಡಿದರೆ ಒಬ್ಬರು ಬನ್ನಿ ಅಂದರು, ಹೋದರೆ ಇನ್ನೊಬ್ಬರು ಹೋಗಿ ಅಂದರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2021ರ ಆಗಸ್ಟ್ 31ರ ರಾತ್ರಿಯಿಂದ ರಾಜ್ಯದ ಬಹುತೇಕ ಎಲ್ಲಾ ನ್ಯಾಷನಲ್ ಫಾರೆಸ್ಟ್ ಒಟ್ಟಿಗೆ ಮುಚ್ಚಿದ್ದರು. ಬೆಂಕಿಯೇ ಇಲ್ಲದ ಕಡೆಯೂ. ಅಲ್ಲಿನ ಸೈಕಲ್‌ನವರು ಬೈಕೊಂಡರು. ಆದರೆ ಆದೇಶದಲ್ಲಿ ತಾರೀಕು ಇತ್ತು, ಸೆಪ್ಟೆಂಬರ್ 17ರವರೆಗೆ ಅಂತ. ಹೆಚ್ಚಿನ ಕಡೆ ಎರಡು ದಿನ ಮೊದಲೇ ತೆಗೆದರು. ನಮಗೆ ಬೇಕಾಗಿರೋದು ಅದೇ ಅಲ್ವಾ? ಮುಚ್ಚಿ, ಬೇಡ ಅನ್ನಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಒಂದು ಕಾಗದ ಅಂಟಿಸಿ.

ಕುಂಚಾವರಂ ಕಡೆಯವ

ಅದು ನ್ಯಾಯವಾದ ಮಾತು. ನಾನು ಕೂಲಿಯವನು, ಕಾಗದ ಅಂಟಿಸೋ ಅಧಿಕಾರ ನನ್ನದಲ್ಲ. ಆದರೆ 1926 ಅಂತ ಅರಣ್ಯ ಇಲಾಖೆ ಸಹಾಯವಾಣಿ ಇದೆ. ಹೊರಡೋ ಹಿಂದಿನ ದಿನ ಅಲ್ಲಿ ಕೇಳಿ. ಹೊಗೆ ಕಂಡರೂ ಅದೇ ನಂಬರ್. ಉಪಗ್ರಹದಿಂದ ಬೆಂಕಿ ಗುರುತಿಸಿ ಡೆಹ್ರಾಡೂನ್‌ನ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಮೊಬೈಲಿಗೆ ಮೆಸೇಜ್ ಬರುತ್ತೆ. ಆದರೆ ಉಪಗ್ರಹ ತಲೆ ಮೇಲೆ ಹಾಯುವ ಹೊತ್ತಿಗೆ ಮಾತ್ರ ಕಾಣೋದು. ಮನುಷ್ಯರ ಕಣ್ಣು ಅದಕ್ಕಿಂತ ಬೇಗ.

ಶಹಾಪುರದ ಕಲ್ಲುಬಂಡೆ

ಜಾಗ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟೇ ಇಲ್ಲವಲ್ರೀ!

ನಮ್ಮ ಯಾದಗಿರಿ ಜಿಲ್ಲೆಗೆ ಬನ್ನಿ. ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡಿದ್ದೀರಲ್ಲ, ಆ ಸಾಲಿನ ಬುಡದಲ್ಲಿ ಬರೀ ಬಂಡೆ. ಎಲೆ ಕಡಿಮೆ, ಹುಲ್ಲು ಅಲ್ಲಲ್ಲಿ. ಒರಟು ಕಲ್ಲಿಗೆ ಟೈರ್ ಚೆನ್ನಾಗಿ ಕಚ್ಚುತ್ತೆ, ಕಡಿದಾದ ಬಂಡೆಯೂ ಹತ್ತಬಹುದು. ನಿಮ್ಮ ಕೆಂಪು ಮಣ್ಣಿನ ಇಳಿಜಾರಿನ ವೇಗ ಇಲ್ಲಿ ಇಲ್ಲ, ಇಲ್ಲಿ ಇರೋದು ಬ್ಯಾಲೆನ್ಸ್ ಆಟ. ಬೆಳಗ್ಗೆ ಐದೂವರೆಗೆ ಶುರು ಮಾಡಿ ಎಂಟೂವರೆಗೆ ಮುಗಿಸಬೇಕು. ಆಮೇಲೆ ಬಂಡೆ ಕಾದು ಕೆಳಗಿನಿಂದಲೂ ಬಿಸಿ ಹೊಡೆಯುತ್ತೆ. ಏಪ್ರಿಲ್‌ನಲ್ಲಿ 42 ಡಿಗ್ರಿ ನಮಗೆ ಮಾಮೂಲು. ಪೂಜೆ ನಡೆಯುವ ಜಾಗ, ಹಳೆಯ ಕೋಟೆ ಗೋಡೆ ಇರುವ ಕಡೆ ಸೈಕಲ್ ಹತ್ತಿಸಬೇಡಿ. ಊರವರನ್ನು ಒಂದು ಮಾತು ಕೇಳಿ ಹೋಗಿ.

ಇನ್ನೊಂದು, ಕಾಲುವೆ ದಾರಿ. ನಾರಾಯಣಪುರದ ನೀರು ಬರುವ ಕಾಲುವೆಗಳ ಪಕ್ಕ ಮಣ್ಣಿನ ದಾರಿ ಇದೆ. ನಿಮ್ಮ ಬೆಣ್ಣೆತೊರಾ ಕಡೆಯೂ ಇದೆ. ಸಪಾಟು, ಬೋರ್ ಅನ್ನಬಹುದು, ಆದರೆ ಕಾಲಿಗೆ ಕೆಲಸ ಸಿಗುತ್ತೆ. ಬೇಸಿಗೆಯಲ್ಲಿ ಎರಿ ಹೊಲದ ಬಂಡಿ ದಾರಿಯೂ ಗಟ್ಟಿ, ಸಿಮೆಂಟ್ ಥರ. ಹೊಲದೊಳಗೆ ಮಾತ್ರ ಇಳಿಯಬೇಡಿ. ಬಿರುಕು ಎಷ್ಟು ಅಗಲ ಅಂದರೆ ಮುಂದಿನ ಚಕ್ರ ಸಿಕ್ಕಿಕೊಂಡು ಮುಗ್ಗರಿಸುತ್ತೀರಿ.

ಎರಡೂ ಕಡೆ ಜಾಲಿ ಮುಳ್ಳು. ನಮ್ಮ ಕಡೆ ಬಳ್ಳಾರಿ ಜಾಲಿ ಅಂತೀವಿ. ಟೈರ್ ನೋಡಿದರೆ ಏನೂ ಕಾಣಲ್ಲ, ಕೈಯಾಡಿಸಿದರೆ ಸೂಜಿ ಮೊನೆಯಷ್ಟು ಹೊರಗೆ, ಅರ್ಧ ಇಂಚು ಒಳಗೆ. ಟ್ಯೂಬ್‌ಲೆಸ್ ಮಾಡಿಸಿ, ತೂತು ಮುಚ್ಚುವ ಸೀಲಂಟ್ ದ್ರವ ಜಾಸ್ತಿ ಹಾಕಿಸಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತೆ, ಡಬ್ಬಿ ಮೇಲೆ ಬರೆದ ತಿಂಗಳು ನಂಬಬೇಡಿ.

ದಾಲ್‌ಮಿಲ್ ಸವಾರ

ಎಲ್ಲರಿಗೂ ಧನ್ಯವಾದ. ಎದುರು ಬೆಂಕಿ ವಿಷಯ ಗೊತ್ತೇ ಇರಲಿಲ್ಲ. ಗೇಟಿನಲ್ಲಿದ್ದವರು ಅಷ್ಟು ಹೇಳಿದ್ದರೆ ನಾನು ಅಲ್ಲಿ ನಿಂತು ಅರ್ಧ ಗಂಟೆ ವಾದ ಮಾಡುತ್ತಿರಲಿಲ್ಲ. ಅವರಿಗೂ ಬಿಸಿಲು, ಬಿಡಿ. ಕುರಿ ದಾರಿ ಕೈಬಿಟ್ಟೆ. ಬೀದರ್‌ನವರ ಮಾತಿಗೆ ಮಾತ್ರ ನನ್ನದೂ ಒಂದು ಓಟು. ತಾರೀಕು ಹಾಕಲಿ.

ಕುಂಚಾವರಂ ಅಣ್ಣ, ಒಂದು ಕೇಳ್ತೀನಿ. ಆ ರೇಖೆ ಮಾಡೋಕೆ ಹೊರಗಿನವರು ಬಂದರೆ ಸೇರಿಸಿಕೊಳ್ಳುತ್ತಾರಾ? ನಾಲ್ಕೈದು ಜನ ಸೈಕಲ್‌ನವರು ಇದ್ದೇವೆ. ಇಷ್ಟು ವರ್ಷ ಅದರ ಮೇಲೆ ಪುಕ್ಕಟೆ ಹೊಡೆದಿದ್ದೇವೆ.

ಕುಂಚಾವರಂ ಕಡೆಯವ

ಬನ್ನಿ, ಕೈ ಯಾವಾಗಲೂ ಕಡಿಮೆಯೇ. ಆದರೆ ಮೊದಲು ಬರೆದು ಕೊಟ್ಟು ಒಪ್ಪಿಗೆ ತಗೊಳ್ಳಿ, ಸೀದಾ ಬಂದು ನಿಂತರೆ ನಮಗೆ ಬೈಗುಳ. ಕೊಯ್ಯೋ ಕೆಲಸ ಡಿಸೆಂಬರ್‌ನಲ್ಲಿ.

ದಾಲ್‌ಮಿಲ್ ಸವಾರ

ಡಿಸೆಂಬರ್! ತೊಗರಿ ಸುಗ್ಗಿ. ಮಾಲೀಕರು ಅಳಿಯನ ಮದುವೆಗೂ ರಜೆ ಕೊಡಲ್ಲ.

ಕುಂಚಾವರಂ ಕಡೆಯವ

ಹಾಗಾದರೆ ಎರಡನೇ ಸಲ ಎಲೆ ಗುಡಿಸುವಾಗ ಬನ್ನಿ, ಮಾರ್ಚ್ ಹೊತ್ತಿಗೆ. ಒಪ್ಪಿಗೆ ಕೊಡುವವರು ಬಿಟ್ಟರೆ. ಬೆಂಕಿ ಬಿದ್ದ ದಿನ ನಿಮ್ಮನ್ನು ಹತ್ತಿರ ಬಿಡಲ್ಲ, ಅದು ಮೊದಲೇ ಹೇಳಿಬಿಡ್ತೀನಿ. ಪೂರ್ತಿ ತೋಳಿನ ಹತ್ತಿ ಅಂಗಿ, ಚರ್ಮದ ಬೂಟು, ಟವೆಲ್. ನಿಮ್ಮ ಸೈಕಲ್ ಜರ್ಸಿ ಬೇಡ. ಅದು ಪಾಲಿಸ್ಟರ್, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತೆ.

ಶಹಾಪುರದ ಕಲ್ಲುಬಂಡೆ

ಮಾರ್ಚ್ ಇನ್ನೂ ಮುಂದಿನ ವರ್ಷದ ಮಾತು. ಈ ಭಾನುವಾರ ಬರ್ತೀರೋ ಇಲ್ಲವೋ ಹೇಳ್ರಿ. ಬರೋದಾದರೆ ಶನಿವಾರ ರಾತ್ರಿಯೇ ಬನ್ನಿ, ನಮ್ಮ ಮಾಳಿಗೆ ಮೇಲೆ ಮಲಗಬಹುದು. ಹಾಸಿಗೆ ಇದೆ, ಸೊಳ್ಳೆ ಪರದೆ ನೀವೇ ತನ್ನಿ.