ಸೈಕಲ್‌ನಲ್ಲಿ ಆಗುಂಬೆ ಘಾಟಿ ಹತ್ತಬೇಕು, ತೂಕವೂ ಇಳಿಯಬೇಕು. ಅನ್ನ ಬಿಡಬೇಕಾ?

ಕಾಪು ಸವಾರ:
ಎಲ್ಲರಿಗೂ ನಮಸ್ಕಾರ. ವಯಸ್ಸು 36, ತೂಕ 81 ಕೆಜಿ. ಮಳೆ ಬಿಟ್ಟ ಮೇಲೆ ಸೋಮೇಶ್ವರದಿಂದ ಆಗುಂಬೆಗೆ ಎಲ್ಲೂ ಕಾಲು ಕೆಳಗಿಡದೆ ಹತ್ತಬೇಕು ಅಂತ ತುಂಬಾ ಆಸೆ. ಭಾನುವಾರ ಉಡುಪಿಯಿಂದ ಹೆಬ್ರಿಗೆ ಹೋಗಿ ಬರುತ್ತೇನೆ. ತೂಕ ಇಳಿಸಲಿಕ್ಕೆ ರಾತ್ರಿ ಅನ್ನ ಬಿಟ್ಟಿದ್ದೇನೆ, ಬೆಳಿಗ್ಗೆ ಬರೀ ಕಪ್ಪು ಕಾಫಿ. ವಾಪಸ್ ಬರುವಾಗ ಪೆರ್ಡೂರು ದಾಟುವಷ್ಟರಲ್ಲಿ ಕಾಲು ಸೋತು ತಲೆ ತಿರುಗಿದ ಹಾಗೆ ಆಗುತ್ತದೆ, ಮನೆಗೆ ಬಂದರೆ ಸಂಜೆವರೆಗೂ ತಿಂದಷ್ಟೂ ಸಾಲದು. ತೂಕ ಮಾತ್ರ ಅಲ್ಲೇ ನಿಂತಿದೆ. ಅನ್ನ ಪೂರ್ತಿ ಬಿಟ್ಟರೆ ಸರಿಯಾಗುತ್ತದಾ?

ಹಳೇ ಗೇರ್:
ಬಿಡಬೇಡಿ ಮಾರಾಯ್ರೆ! ಅನ್ನದಂಥ ಊಟದಿಂದ ಬರುವ ಸಕ್ಕರೆಯನ್ನು ಮೈ ಗ್ಲೈಕೋಜನ್ ಆಗಿ ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಡುವುದೇ ಸುಮಾರು 400-500 ಗ್ರಾಂ. ರಾತ್ರಿ ಅನ್ನ ಇಲ್ಲ, ಬೆಳಿಗ್ಗೆ ತಿಂಡಿ ಇಲ್ಲ ಅಂದ ಮೇಲೆ ಅದು ತುಂಬುವುದು ಯಾವಾಗ? ಪೆರ್ಡೂರಲ್ಲಿ ನಿಮಗೆ ಆಗುವುದು ಬಾಂಕ್, ಅಂದರೆ ಆ ದಾಸ್ತಾನು ಖಾಲಿಯಾಗಿ ಮೈ ಸೋಲುವುದು, ಮತ್ತೆ ಸಂಜೆಯ ಹಸಿವೂ ಅದರಿಂದಲೇ. ಶನಿವಾರ ರಾತ್ರಿ ಕುಚ್ಚಲಕ್ಕಿ ಅನ್ನ ಹೊಟ್ಟೆ ತುಂಬಾ ಉಣ್ಣಿ. ಬೆಳಿಗ್ಗೆ ಹೊರಡುವ ಮೊದಲು ಎರಡು ಮೂರು ಇಡ್ಲಿ. ಒಂದೂವರೆ ಗಂಟೆಗಿಂತ ಜಾಸ್ತಿ ರೈಡ್ ಇದ್ದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ (ಪಿಷ್ಟ, ಸಕ್ಕರೆ) ಒಳಗೆ ಹೋಗಬೇಕು. ದೊಡ್ಡ ಬಾಳೆಹಣ್ಣು ಒಂದರಲ್ಲಿ 25-30 ಗ್ರಾಂ ಇರುತ್ತದೆ, ಜೇಬಲ್ಲಿ ಒಂದೆರಡು ಚಿಕ್ಕಿಯೂ ಇರಲಿ. ಹಸಿವಾಗುವವರೆಗೆ ಕಾಯಬೇಡಿ, ಆಗ ತಡವಾಗಿರುತ್ತದೆ.

ಮಣ್ಣಗುಡ್ಡದ ಅಕ್ಕ:
ಮೇಲಿನ ಮಾತು ನೂರಕ್ಕೆ ನೂರು ಸರಿ. ಊಟ ಕಡಿಮೆ ಮಾಡುವುದಿದ್ದರೆ ರೈಡ್ ಇಲ್ಲದ ದಿನ ಮಾಡಿ, ಅದೂ ದಿನದ ಊಟದಲ್ಲಿ 300-500 ಕ್ಯಾಲೊರಿ ಕಡಿಮೆಯಾದರೆ ಸಾಕು. ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಇಳಿಸಲು ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಆಮೇಲೆ ಘಾಟಿ ಹತ್ತುವುದು ಯಾವ ಬಲದಲ್ಲಿ? ನಮ್ಮ ಕಡೆ ಕ್ಯಾಲೊರಿ ಅಡಗಿರುವುದು ಸಂಜೆಯ ಗೋಳಿಬಜೆ, ಬನ್ಸ್ ಮತ್ತು ಗಸಿಯ ತೆಂಗಿನಕಾಯಿಯಲ್ಲಿ. ತೆಂಗಿನಕಾಯಿ ಬಿಡಿ ಅನ್ನುವುದಿಲ್ಲ, ಅದಿಲ್ಲದೆ ನಮಗೆ ಊಟವಾ! ಗಸಿ ಎರಡು ಸೌಟಿನ ಬದಲು ಒಂದು ಸೌಟು ಬಡಿಸಿಕೊಳ್ಳಿ. ಪ್ರೋಟೀನ್ ಕೆಜಿ ತೂಕಕ್ಕೆ 1.6 ಗ್ರಾಂ ಲೆಕ್ಕ ಹಿಡಿದರೆ ನಿಮಗೆ ದಿನಕ್ಕೆ 130 ಗ್ರಾಂ ಹತ್ತಿರ ಬೇಕು. ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ ಸಿಗುತ್ತದೆ. ಮೀನು ತಿನ್ನದವರಾದರೆ ಹುರುಳಿ, ಹೆಸರುಕಾಳು, ಮೊಸರು, ಪನೀರ್ ಎಲ್ಲವನ್ನೂ ದಿನವಿಡೀ ಹಂಚಿ ತಿನ್ನಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಪಡುಬಿದ್ರಿ ಬೀಚ್ ರೈಡರ್:
ಬೆವರಿನ ವಿಷಯ ಯಾರೂ ಹೇಳಲಿಲ್ಲ ಅಲ್ವಾ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಸುಮ್ನೆ ಸುರಿಯುತ್ತದೆ, ಮೈ ತಣ್ಣಗಾಗುವುದಿಲ್ಲ. ರೈಡಿಗೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಅಂತ ಅರ್ಥ. ಅದನ್ನು ನೋಡಿ ಕೊಬ್ಬು ಕರಗಿತು ಅಂತ ಖುಷಿಪಡಬೇಡಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಹಾಗಾಗಿ ಬಾಟಲಿಗೆ ಚಿಟಿಕೆ ಉಪ್ಪು ಬೇಕೇ ಬೇಕು.

ಕಾಪು ಸವಾರ:
ತುಂಬಾ ಉಪಕಾರ. ಶನಿವಾರ ರಾತ್ರಿ ಗಂಜಿ ಊಟ ಆದರೆ ಸಾಕಾ?

ಹಳೇ ಗೇರ್:
ಗಂಜಿಯಲ್ಲಿ ತಿಳಿಯೇ ಜಾಸ್ತಿ. ಅನ್ನವೇ ಉಣ್ಣಿ. ಗಂಜಿ, ಉಪ್ಪಿನಕಾಯಿ ರೈಡ್ ಮುಗಿಸಿ ಬಂದ ಮೇಲೆ ಇಟ್ಟುಕೊಳ್ಳಿ, ನೀರು ಉಪ್ಪು ಎರಡೂ ಸಿಗುತ್ತದೆ, ಜೊತೆಗೆ ಎರಡು ಮೊಟ್ಟೆ.