ಮ್ಯಾಟ್ರಿಕ್ಸನ್ನು ಬಣ್ಣದ ಚಿತ್ರವಾಗಿ ತೋರಿಸುವುದು: ಬಣ್ಣದ ಮಿತಿ ಹೇಗೆ ಇಡುತ್ತೀರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಲೋಹದ ತಟ್ಟೆಯೊಂದರ ಉಷ್ಣತೆಯ ಮ್ಯಾಟ್ರಿಕ್ಸ್ ಇದೆ: 400 ಸಾಲು, 600 ಕಾಲಂ, ಚೌಕಕ್ಕೆ 1 ಮಿ.ಮೀ. ಬಹುಪಾಲು ಅಂಕಿಗಳು 20ರಿಂದ 35 ಡಿಗ್ರಿಯೊಳಗೆ. ಸೆನ್ಸರ್ ಕೆಟ್ಟ ಕೆಲವು ಕಡೆ 900 ಅಂತ ಬಂದಿದೆ, ಕೆಲವು ಕಡೆ ನ್ಯಾನ್ (ಅಂಕಿಯೇ ಇಲ್ಲ ಎಂಬ ಗುರುತು). ಲೆಕ್ಕದ ತಂತ್ರಾಂಶ ಮ್ಯಾಟ್‌ಲ್ಯಾಬ್‌ನಲ್ಲಿ ಚಿತ್ರ ಬಿಡಿಸುವ ಆದೇಶಗಳಾದ ‘ಇಮೇಜ್’ ಕೊಟ್ಟರೂ ‘ಇಮೇಜ್‌ಎಸ್‌ಸಿ’ ಕೊಟ್ಟರೂ ಬರೀ ನೀಲಿ. ಚಿತ್ರ ತಲೆಕೆಳಗೂ ಆಗಿದೆ. ಇಂಥ ಮೂರನ್ನು ಅಕ್ಕಪಕ್ಕ ಇಟ್ಟು ವರದಿಗೆ ಹಾಕಬೇಕು. ಜೊತೆಯವರು ಪೈಥಾನ್ ಬಳಸುತ್ತಾರೆ, ಅಲ್ಲೂ ಇದೇ ಚಿತ್ರ ಬರಬೇಕು. ಬಲ್ಲವರು ತಿಳಿಸಿ.

ಮ್ಯಾಟ್‌ಲ್ಯಾಬ್, ಅದರಂಥದೇ ಉಚಿತ ತಂತ್ರಾಂಶ ಆಕ್ಟೇವ್ ಬಳಸುವವರಿಂದ

ಎರಡೂ ಕಡೆ ನೀಲಿ ಬಂದರೂ ಕಾರಣ ಬೇರೆ ಬೇರೆ. ‘ಇಮೇಜ್’ ನಿಮ್ಮ ಅಂಕಿಯನ್ನೇ ಕಲರ್‌ಮ್ಯಾಪ್‌ನ (ಬಣ್ಣಗಳ ಪಟ್ಟಿಯ) ಕ್ರಮಸಂಖ್ಯೆ ಅಂತ ಓದುತ್ತದೆ. 27 ಇದ್ದರೆ 27ನೇ ಬಣ್ಣ. ಒಟ್ಟು 256 ಬಣ್ಣಗಳಲ್ಲಿ 20ರಿಂದ 35ರವರೆಗಿನವು ಕಡುನೀಲಿಯ ಮೂಲೆಯಲ್ಲೇ ಇವೆ. ‘ಇಮೇಜ್‌ಎಸ್‌ಸಿ’ ಹಾಗಲ್ಲ, ಅತಿ ಕಡಿಮೆಯದಕ್ಕೆ ಮೊದಲ ಬಣ್ಣ, ಅತಿ ಹೆಚ್ಚಿನದಕ್ಕೆ ಕೊನೆಯ ಬಣ್ಣ ಕೊಟ್ಟು ನಡುವೆ ಹಂಚುತ್ತದೆ. ನಿಮ್ಮಲ್ಲಿ ಅದು 20ರಿಂದ 900. ಲೆಕ್ಕ ಹಾಕಿ: 880 ಡಿಗ್ರಿಗೆ 256 ಬಣ್ಣ ಅಂದರೆ ನಿಮಗೆ ಬೇಕಾದ 15 ಡಿಗ್ರಿಗೆ ಸಿಗುವುದು ನಾಲ್ಕೈದು ಬಣ್ಣ ಮಾತ್ರ.

ಆದ್ದರಿಂದ ಮಿತಿಯನ್ನು ನೀವೇ ಕೊಡಿ: ಇಮೇಜ್‌ಎಸ್‌ಸಿ(ಎ, [20 35]), ಎ ಅಂದರೆ ನಿಮ್ಮ ಮ್ಯಾಟ್ರಿಕ್ಸ್. ಚಿತ್ರ ಬಿಡಿಸಿದ ಮೇಲೆ ಬದಲಿಸಲು ‘ಸಿ-ಲಿಮ್’. 2022ರ ಮೊದಲ ಆವೃತ್ತಿಗಿಂತ ಹಳೆಯದಾದರೆ ಅದೇ ಕೆಲಸಕ್ಕೆ ‘ಸಿ-ಆಕ್ಸಿಸ್’. ಆಕ್ಟೇವ್‌ನಲ್ಲೂ ಅದು ನಡೆಯುತ್ತದೆ.

ಮಿತಿ ಎಷ್ಟಿರಬೇಕೆಂದು ಮೊದಲೇ ಗೊತ್ತಿಲ್ಲದಿದ್ದರೆ 2 ಮತ್ತು 98ನೇ ಪರ್ಸೆಂಟೈಲ್ (ಅಂಕಿಗಳಲ್ಲಿ ಶೇ 2 ಮತ್ತು ಶೇ 98 ಯಾವುದಕ್ಕಿಂತ ಕೆಳಗಿವೆಯೋ ಆ ಬೆಲೆಗಳು) ತೆಗೆದು ಅವನ್ನೇ ಕೊಡುವುದು ರೂಢಿ. ಕೆಟ್ಟ ಅಂಕಿಗಳು ಶೇ 2ಕ್ಕಿಂತ ಹೆಚ್ಚಿದ್ದರೆ ಈ ಉಪಾಯವೂ ಕೈಕೊಡುತ್ತದೆ. ಸೆನ್ಸರ್ ಕೆಟ್ಟದ್ದೆಂದು ಖಚಿತವಿದ್ದರೆ 900 ಅನ್ನು ಮಿತಿಯಿಂದ ಮರೆಮಾಡುವುದಕ್ಕಿಂತ 100 ಮೀರಿದ್ದನ್ನೆಲ್ಲ ನ್ಯಾನ್ ಮಾಡುವುದೇ ಪ್ರಾಮಾಣಿಕ. ಇಲ್ಲದಿದ್ದರೆ ಆ ಚೌಕಗಳು ನಿಜವಾದ 35 ಡಿಗ್ರಿಯ ಬಣ್ಣದಲ್ಲೇ ಕೂರುತ್ತವೆ.

ನ್ಯಾನ್‌ನಲ್ಲಿ ಇನ್ನೊಂದು ಮೋಸ ಇದೆ. ‘ಇಮೇಜ್‌ಎಸ್‌ಸಿ’ ಅದಕ್ಕೆ ಅತಿ ಕೆಳಗಿನ ಬಣ್ಣ ಬಳಿಯುತ್ತದೆ, ನೋಡುವವರು ತಣ್ಣಗಿನ ಜಾಗ ಅಂದುಕೊಳ್ಳುತ್ತಾರೆ. ಪಾರದರ್ಶಕತೆ ಹೇಳುವ ‘ಆಲ್ಫಾಡೇಟಾ’ಗೆ ನ್ಯಾನ್ ಅಲ್ಲದ ಚೌಕಗಳ ಮಾಸ್ಕ್ (ಅಂಕಿ ಇದ್ದಲ್ಲಿ 1, ಇಲ್ಲದಲ್ಲಿ 0) ಕೊಟ್ಟು, ಆಕ್ಸಿಸ್‌ನ ಹಿನ್ನೆಲೆಯನ್ನು ಬೂದು ಮಾಡಿ. ಬಿಳಿ ಬೇಡ, ಕಾಗದದಲ್ಲಿ ಕಳೆದುಹೋಗುತ್ತದೆ.

ತಲೆಕೆಳಗಿನ ವಿಚಾರ

‘ಇಮೇಜ್‌ಎಸ್‌ಸಿ’ ಮೊದಲ ಸಾಲನ್ನು ಮೇಲೆ ಇಡುತ್ತದೆ, ಮ್ಯಾಟ್ರಿಕ್ಸನ್ನು ಕಾಗದದಲ್ಲಿ ಬರೆಯುವ ಹಾಗೆ. ವೈ ಮೇಲಕ್ಕೆ ಏರಬೇಕಾದರೆ ಚಿತ್ರದ ನಂತರ ‘ಆಕ್ಸಿಸ್ ಎಕ್ಸ್‌ವೈ’ ಹಾಕಿ. ಡೇಟಾವನ್ನೇ ‘ಫ್ಲಿಪ್‌ಯುಡಿ’ಯಿಂದ ತಿರುಗಿಸಬೇಡಿ, ಚಿತ್ರ ಸರಿಯಾಗಿ ಕಂಡರೂ ಅಕ್ಷದ ಅಂಕಿ ಸುಳ್ಳು ಹೇಳುತ್ತದೆ. ಮೊದಲೇ ‘ಹೋಲ್ಡ್ ಆನ್’ (ಹಳೆಯ ಚಿತ್ರ ಅಳಿಸದೆ ಅದರ ಮೇಲೇ ಬಿಡಿಸು ಎಂಬ ಆದೇಶ) ಇದ್ದರೆ ‘ಇಮೇಜ್‌ಎಸ್‌ಸಿ’ ಅಕ್ಷದ ದಿಕ್ಕನ್ನು ಮುಟ್ಟುವುದಿಲ್ಲ. ಹಾಗಾಗಿ ಒಂದೇ ಕೋಡ್ ಒಮ್ಮೆ ನೆಟ್ಟಗೆ, ಒಮ್ಮೆ ಉಲ್ಟಾ ಬಂದರೆ ಮೊದಲು ಹುಡುಕಬೇಕಾದದ್ದು ಅದನ್ನೇ. ಚೌಕಗಳು ಹಿಗ್ಗಬಾರದೆಂದರೆ ‘ಆಕ್ಸಿಸ್ ಇಮೇಜ್’.

ಪೈಥಾನ್ ಕಡೆಯಿಂದ

ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ ‘ಇಮ್‌ಶೋ’ದಲ್ಲಿ ವಿ-ಮಿನ್ 20, ವಿ-ಮ್ಯಾಕ್ಸ್ 35 ಕೊಡಿ. ದಿಕ್ಕಿಗೆ ಆರಿಜಿನ್ ‘ಲೋಯರ್’. ನ್ಯಾನ್ ಅಲ್ಲಿ ತಾನಾಗಿಯೇ ಪಾರದರ್ಶಕ. ಪರ್ಸೆಂಟೈಲ್‌ಗೆ ‘ನ್ಯಾನ್‌ಪರ್ಸೆಂಟೈಲ್’ ಬಳಸಿ, ಬರೀ ‘ಪರ್ಸೆಂಟೈಲ್’ ಕೊಟ್ಟರೆ ಉತ್ತರವೂ ನ್ಯಾನ್ ಆಗುತ್ತದೆ.

ಎರಡು ಚಿತ್ರ ಅರ್ಧ ಚೌಕ ಸರಿದು ಕೂರುವುದು ಇಲ್ಲಿ. ಮ್ಯಾಟ್‌ಲ್ಯಾಬ್‌ಗೆ ಕೊಡುವ ಎಕ್ಸ್ ಬೆಲೆ ಮೂಲೆಯ ಚೌಕಗಳ ನಡುಬಿಂದು: [0 599]. ಮ್ಯಾಟ್‌ಪ್ಲಾಟ್‌ಲಿಬ್‌ನ ‘ಎಕ್ಸ್‌ಟೆಂಟ್’ ಕೇಳುವುದು ಹೊರ ಅಂಚು: [−0.5, 599.5, −0.5, 399.5]. 600 ಕಾಲಂನಲ್ಲಿ ಈ ತಪ್ಪು ಕಣ್ಣಿಗೆ ಬೀಳದು. ಮೇಲೆ ಗೆರೆ ಅಥವಾ ಬಿಂದು ಹಾಕಿದಾಗ, ಇಲ್ಲವೇ 10×10ರ ಸಣ್ಣ ಮ್ಯಾಟ್ರಿಕ್ಸ್‌ನಲ್ಲಿ ಬಯಲಾಗುತ್ತದೆ. ಇಂಟರ್‌ಪೊಲೇಷನ್ (ಚೌಕಗಳ ನಡುವೆ ಬಣ್ಣ ತುಂಬುವ ವಿಧಾನ) ‘ನಿಯರೆಸ್ಟ್’ ಅಂತ ಬರೆದುಬಿಡಿ, ಎರಡೂ ಕಡೆ ಚೌಕಗಳು ಒಂದೇ ಥರ ಕಾಣುತ್ತವೆ.

ಸಮ ಅಂತರ ಇಲ್ಲದವರಿಗೆ

ಪ್ರಶ್ನೆ ಕೇಳಿದವರಿಗೆ ಇದು ಬೇಕಿಲ್ಲ, ಆದರೆ ಓದುವ ಬೇರೆಯವರಿಗೆ ಬೇಕಾದೀತು. ‘ಇಮೇಜ್‌ಎಸ್‌ಸಿ’ಗೆ ಎಕ್ಸ್ ವೆಕ್ಟರ್ ಇಡೀ ಕೊಟ್ಟರೂ ಅದು ನೋಡುವುದು ಮೊದಲ ಮತ್ತು ಕೊನೆಯ ಅಂಕಿಯನ್ನು ಮಾತ್ರ. ಅಳತೆ 1, 2, 5, 10 ಅಂತಿದ್ದರೆ ಎಚ್ಚರಿಕೆಯನ್ನೂ ಕೊಡದೆ ತಪ್ಪು ಚಿತ್ರ ಬಿಡಿಸುತ್ತದೆ. ಆಗ ‘ಪಿ-ಕಲರ್’ ಬೇಕು. ಅದು ಅಂಕಿಗಳನ್ನು ಚೌಕದ ಮೂಲೆಗಳೆಂದು ನೋಡುವುದರಿಂದ 400×600ರಲ್ಲಿ 399×599 ಚೌಕ ಮಾತ್ರ ತೋರಿಸುತ್ತದೆ. ಕೊನೆಗೆ ಒಂದು ಸಾಲು, ಒಂದು ಕಾಲಂ ನ್ಯಾನ್ ಸೇರಿಸಿ, ಅಂಚುಗಳಾಗಿ 401 ಮತ್ತು 601 ಅಂಕಿ ಕೊಡಿ. ‘ಶೇಡಿಂಗ್ ಫ್ಲ್ಯಾಟ್’ ಮರೆತರೆ ಚೌಕಗಳ ಕಪ್ಪು ಗೆರೆ ಒಂದಕ್ಕೊಂದು ಅಂಟಿ ಇಡೀ ಚಿತ್ರವೇ ಕಪ್ಪಾಗುತ್ತದೆ.

ಮೂರು ಚಿತ್ರ, ವರದಿ, ಬಣ್ಣ

ಮೂರಕ್ಕೂ ಒಂದೇ ಮಿತಿ ಇಡಿ. ಬಿಟ್ಟರೆ ಪ್ರತಿ ಚಿತ್ರ ತನ್ನದೇ ಮಿತಿ ಹಿಡಿಯುತ್ತದೆ, ಒಂದರ ಹಳದಿ 31 ಡಿಗ್ರಿ, ಇನ್ನೊಂದರ ಹಳದಿ 35. ಹೋಲಿಕೆಗೆ ಅರ್ಥವೇ ಉಳಿಯದು. ಮಿತಿ ಒಂದಾದ ಮೇಲೆ ಕಲರ್‌ಬಾರ್ (ಯಾವ ಬಣ್ಣ ಎಷ್ಟು ಡಿಗ್ರಿ ಎಂದು ತೋರಿಸುವ ಪಟ್ಟಿ) ಕೂಡ ಒಂದೇ ಸಾಕು.

ವ್ಯತ್ಯಾಸ ತೋರಿಸುವುದೇ ಉದ್ದೇಶವಾದರೆ ಒಂದರಿಂದ ಇನ್ನೊಂದನ್ನು ಕಳೆದ ಮ್ಯಾಟ್ರಿಕ್ಸನ್ನೇ ತೋರಿಸಿ, ಮಿತಿ ಸೊನ್ನೆಯ ಎರಡೂ ಬದಿಗೆ ಸಮವಾಗಿರಲಿ, ಉದಾಹರಣೆಗೆ [−3 3]. ನೀಲಿ, ಬಿಳಿ, ಕೆಂಪು ಮೂರನ್ನೇ ‘ಇಂಟರ್ಪ್1’ರಿಂದ 255 ಹಂತಕ್ಕೆ ಹಿಗ್ಗಿಸಿದರೆ ಕಲರ್‌ಮ್ಯಾಪ್ ಸಿದ್ಧ. ಬೆಸ ಸಂಖ್ಯೆ ಬೇಕು, ಆಗಲೇ ಅಚ್ಚ ಬಿಳಿ ಸರಿಯಾಗಿ ಸೊನ್ನೆಗೆ ಬೀಳುತ್ತದೆ.

‘ಜೆಟ್’ ಎಂಬ ಕಲರ್‌ಮ್ಯಾಪ್ ದಯವಿಟ್ಟು ಬೇಡ. ಅದರ ಹಳದಿ ಮತ್ತು ತಿಳಿನೀಲಿ ಪಟ್ಟಿಗಳು ಡೇಟಾದಲ್ಲಿ ಇಲ್ಲದ ಅಂಚುಗಳನ್ನು ಹುಟ್ಟಿಸುತ್ತವೆ, ಕಪ್ಪು–ಬಿಳುಪಿನಲ್ಲಿ ಮುದ್ರಿಸಿದರೆ ಎರಡೂ ತುದಿ ಕಪ್ಪು. ‘ಪರುಲಾ’, ‘ವಿರಿಡಿಸ್’ ಕತ್ತಲಿನಿಂದ ಬೆಳಕಿಗೆ ಏರುತ್ತಾ ಹೋಗುವುದರಿಂದ ಆ ಕಾಟವಿಲ್ಲ.

ಉಳಿಸುವುದು ಪಿಎನ್‌ಜಿಯಲ್ಲಿ, ಜೆಪಿಇಜಿ ಚೌಕದ ಅಂಚುಗಳನ್ನು ಕಲಸುತ್ತದೆ. ಪಿಡಿಎಫ್‌ನಲ್ಲಿ ಮಸುಕಾಗಿ ಕಂಡರೆ ಅದು ತೆರೆಯುವ ತಂತ್ರಾಂಶ ನಯಗೊಳಿಸುತ್ತಿರುವುದು. ‘ರೆಪ್‌ಎಲೆಮ್(ಎ, 4, 4)’ ಮಾಡಿ ಪ್ರತಿ ಚೌಕವನ್ನು 4×4 ಆಗಿಸಿದರೆ ಮಸುಕು ಅಂಚಿಗಷ್ಟೇ ಸೀಮಿತ. ಎಕ್ಸ್, ವೈ ಕೊಟ್ಟಿದ್ದರೆ ಮಾತ್ರ ನಡುಬಿಂದುಗಳನ್ನು ಮತ್ತೆ ಲೆಕ್ಕ ಹಾಕಬೇಕು: [−0.375 599.375].

ಪ್ರಶ್ನೆ ಕೇಳಿದವರು

[20 35] ಕೊಟ್ಟ ಕೂಡಲೇ ಚಿತ್ರ ಬಿಚ್ಚಿಕೊಂಡಿತು, ಎಲ್ಲರಿಗೂ ಧನ್ಯವಾದ. ಒಂದು ಸಂಶಯ: 35 ಮೀರಿದ ಕೆಲವು ನಿಜವಾದ ಅಂಕಿಗಳೂ ಇವೆ. ಅವು ಕೊನೆಯ ಬಣ್ಣಕ್ಕೆ ಸೇರಿಹೋಗಿವೆ ಎಂದು ಓದುಗರಿಗೆ ತಿಳಿಸುವುದು ಹೇಗೆ?

ಪೈಥಾನ್ ಕಡೆಯಿಂದ

ಕಲರ್‌ಬಾರ್‌ಗೆ ಎಕ್ಸ್‌ಟೆಂಡ್ ‘ಮ್ಯಾಕ್ಸ್’ ಕೊಡಿ, ಮೇಲ್ತುದಿಯಲ್ಲಿ ತ್ರಿಕೋನ ಬರುತ್ತದೆ. ಮೀರಿದ್ದಕ್ಕೆ ಬೇರೆ ಬಣ್ಣವೇ ಬೇಕೆಂದರೆ ‘ಸೆಟ್-ಓವರ್’. ಮ್ಯಾಟ್‌ಲ್ಯಾಬ್‌ನಲ್ಲಾದರೆ ಕಲರ್‌ಬಾರ್‌ನ ಟಿಕ್‌ಗಳನ್ನು 20, 25, 30, 35ಕ್ಕೆ ನಿಲ್ಲಿಸಿ, ಕೊನೆಯ ಟಿಕ್‌ಲೇಬಲ್ ಅನ್ನು ‘≥35’ ಎಂದು ಬದಲಿಸಿ.