ವಿಜಯಪುರದ ಹಳೇ ಊರು ನಡೆದೇ ನೋಡಬೇಕು: ದಾರಿ ಹೇಗೆ ಹಾಕಿಕೊಳ್ಳಲಿ?

ಹುಬ್ಬಳ್ಳಿ_ಪಯಣಿಗ:
ನಮಸ್ಕಾರ್ರಿ. ನವೆಂಬರ್ ಕೊನೇ ವಾರ, ಒಂದು ಶುಕ್ರವಾರ ಪೂರ್ತಿ ವಿಜಯಪುರಕ್ಕೆ ಇಟ್ಟಿದ್ದೇವೆ. ಉಳಿಯೋದು ರೈಲ್ವೆ ಸ್ಟೇಷನ್ ಹತ್ತಿರ. ಗೋಳಗುಮ್ಮಟ ನೋಡಿ, ಆಟೋ ಹತ್ತಿ, ಇಬ್ರಾಹಿಂ ರೋಜಾದಲ್ಲಿ ಇಳಿದು ಊರು ಮುಗೀತು ಅನ್ನೋದು ಬೇಡ. ನಡುವಿನ ಹಳೇ ಊರನ್ನು ನಡೆದು ನೋಡುವ ಆಸೆ. ಯಾವ ಕಡೆಯಿಂದ ಶುರು ಮಾಡಬೇಕು, ಎಷ್ಟು ದೂರ ಆಗುತ್ತೆ, ಹೊತ್ತು ಸಾಲದಿದ್ದರೆ ಯಾವುದನ್ನು ಬಿಡಬಹುದು? ಜೊತೆಗೆ ಅವ್ವ ಇರ್ತಾರೆ. ಸಪಾಟು ದಾರಿ ಎಷ್ಟು ಬೇಕಾದರೂ ನಡೀತಾರೆ, ಮೆಟ್ಟಿಲು ಅಂದರೆ ಮೊಣಕಾಲು ಕೇಳೋದಿಲ್ಲ.

ಕೋಟೆಗೋಡೆ:
ಪೂರ್ವದಿಂದ ಪಶ್ಚಿಮಕ್ಕೆ ನಡೀರಿ. ಗೋಳಗುಮ್ಮಟ, ಜಾಮಿಯಾ ಮಸೀದಿ, ಮೆಹತರ್ ಮಹಲ್, ಆಸಾರ್ ಮಹಲ್, ಆರ್ಕಿಲ್ಲಾದ (ಊರ ನಡುವಿನ ಒಳಕೋಟೆ) ಗಗನ ಮಹಲ್, ಬಾರಾ ಕಮಾನ, ಉಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, ಕೊನೆಗೆ ಕೋಟೆಗೋಡೆ ದಾಟಿ ಇಬ್ರಾಹಿಂ ರೋಜಾ. ಓಣಿಗಳ ಸುತ್ತುಬಳಸು ಸೇರಿ 6 ಕಿ.ಮೀ. ಆಸುಪಾಸು. ಎಲ್ಲೂ ಏರು ದಾರಿ ಇಲ್ಲ, ಹಾಗಾಗಿ ನಿಮ್ಮ ತಾಯಿಯವರಿಗೆ ತೊಂದರೆ ಆಗೋದು ಕಟ್ಟಡಗಳ ಒಳಗೆ ಮಾತ್ರ.

ಗೋಳಗುಮ್ಮಟಕ್ಕೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಶಾಲಾ ಪ್ರವಾಸದ ಬಸ್ಸು ಬಂದು ನಿಂತವೆಂದರೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕಿರುಚಾಟ ಬಿಟ್ಟು ಏನೂ ಕೇಳಿಸೋದಿಲ್ಲ. ಮೂಲೆಯ ಗೋಪುರದೊಳಗಿನ ಕಡಿದಾದ, ಇಕ್ಕಟ್ಟಾದ ಮೆಟ್ಟಿಲು ಏಳು ಅಂತಸ್ತು ಹತ್ತಿಸುತ್ತದೆ. ಮೇಲೆ ಹೋದ ಮೇಲೆ ಬಹಳ ಜನ ಗುಮ್ಮಟದ ನಡುವಿಗೆ ಮುಖ ಮಾಡಿ ಕೂಗುತ್ತಾರೆ. ಅದರಿಂದ ಪ್ರತಿಧ್ವನಿ ಸಿಗುತ್ತದೆ, ಪಿಸುಮಾತು ಸಾಗೋದಿಲ್ಲ. ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಗೋಡೆ ಹೋದ ದಿಕ್ಕಿಗೆ ಮೆಲ್ಲಗೆ ಮಾತಾಡಿ. ದನಿ ಬಾಗಿದ ಗೋಡೆಗುಂಟ ಸರಿದು ಹೋಗುತ್ತದೆ, ಎದುರು ತುದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ.

ತಾಯಿಯವರು ಕೆಳಗೇ ಇರಲಿ, ಅಲ್ಲೂ ನೋಡೋದು ಕಡಿಮೆ ಇಲ್ಲ. ಕತ್ತೆತ್ತಿ ಮೂಲೆಗಳನ್ನು ನೋಡಲಿಕ್ಕೆ ಹೇಳಿ. ಸುಮಾರು 41 ಮೀಟರ್ ಚೌಕದ ಕೋಣೆ, ಒಳಗೆ ಒಂದು ಕಂಬ ಇಲ್ಲ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಚೌಕವನ್ನು ಎಂಟು ಮೂಲೆ ಮಾಡಿ, ಹೊರ ಅಳತೆಯಲ್ಲಿ 44 ಮೀಟರ್ ಅಗಲದ ಗುಮ್ಮಟವನ್ನು ಹೊತ್ತಿವೆ. ಕಟ್ಟೆಯ ಮೇಲೆ ಕಾಣುವವು ತೋರಿಕೆಯ ಗೋರಿಗಳು. ಇಲ್ಲಿ ಆಳಿದ ಸುಲ್ತಾನ ಮಹಮ್ಮದ್ ಆದಿಲ್‌ಶಾಹನ (ಮರಣ 1656) ನಿಜವಾದ ಸಮಾಧಿ ಕೆಳಗಿನ ನೆಲಮಾಳಿಗೆಯಲ್ಲಿದೆ.

ಶುಕ್ರವಾರದ್ದು ಎರಡು ತೊಡಕು. ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯ ಅಂದು ರಜೆ. ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ಜುಮ್ಮಾ ನಮಾಜು ಇರುತ್ತದೆ, ಆದ್ದರಿಂದ 11 ಗಂಟೆಯೊಳಗೆ ಅಲ್ಲಿಂದ ಹೊರಬನ್ನಿ. ಒಂದು ದಿನ ಹಿಂದೆಮುಂದೆ ಮಾಡಲಿಕ್ಕೆ ಬಂದರೆ ಮಾಡಿಕೊಳ್ಳಿ.

ಶಹಾಪೇಟಿ_ಮಂದಿ:
ದಾರಿ ಬರೋಬರಿ ಐತ್ರಿ, ಆದ್ರ ಒಂದ ಗುಕ್ಕಿನಾಗ ನಡೀಬ್ಯಾಡ್ರಿ. ನವೆಂಬರ್ ಆದ್ರೂ 12ರಿಂದ 3ರ ತನಕ ಬಿಸಲು ಬಿಸಲ ಐತಿ, ಕರಿಕಲ್ಲಿನ ಅಂಗಳ ಬರಿಗಾಲಾಗ ಚುರ್ ಅಂತದ. ಕಾಲಚೀಲ ಚೀಲದಾಗ ಇಟ್ಕೋರಿ, ಮಸೀದಿ ಮುಂದ ಬೂಟು ಕಳದ ಮ್ಯಾಲ ನೆನಪಾದ್ರ ಏನೂ ಉಪಯೋಗ ಇಲ್ಲ.

ಮಧ್ಯಾಹ್ನಕ್ಕ ಬಾರಾ ಕಮಾನ ಮುಗಿಸಿ ಗಾಂಧಿ ಚೌಕ ಕಡೆ ಬಂದು ಖಾನಾವಳಿ ಹಿಡೀರಿ. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಮ್ಯಾಲ ಮಜ್ಜಿಗಿ. ಉಂಡು, ಅವ್ವಾರು ಒಂದು ತಾಸು ಕಾಲು ಚಾಚಲಿ. ಮೂರೂವರಿ ಮ್ಯಾಲ ಪಶ್ಚಿಮದ ಕಡೆ ಹೊಂಡ್ರಿ.

ಗಗನ ಮಹಲ್ ನೋಡಾಗ ದೊಡ್ಡ ಕಮಾನಿನ ಫೋಟೋ ತಗದು ಹೊಳ್ಳಬ್ಯಾಡ್ರಿ. 1561ರ ಸುಮಾರಿಗೆ ಕಟ್ಟಿದ್ದು, ನಡುವಿನ ಕಮಾನು 18 ಮೀಟರಿಗೂ ಅಗಲ. ಮಾಳಗಿ ಕಟಗೀದಿತ್ತು, ಅದು ಹೋಗೇತಿ, ಅದಕ್ಕ ಒಳಗ ನಿಂತ್ರ ಆಕಾಶ ಕಾಣ್ತದ. ಹತ್ತಿರನ ಸಾತ್ ಮಂಜಿಲ್, ಅದರ ಎದುರು ಜಲ ಮಂಜಿಲ್ ಅಂತ ಸಣ್ಣದೊಂದು ಕಲ್ಲಿನ ಮಂಟಪ ಐತಿ. ಮಂದಿ ಅದನ್ನ ಕಟ್ಟಿ ಅಂತ ತಿಳದು ದಾಟಿ ಹೋಗ್ತಾರ, ಮೊದಲು ಅದರ ಸುತ್ತ ನೀರು ನಿಲ್ತಿತ್ತು. ಆರ್ಕಿಲ್ಲಾದಾಗ ನರಸೋಬಾನ ಗುಡಿನೂ ಐತಿ. ದಕ್ಷಿಣದ ಬಾಗಿಲ ಕಡೆ ಕರೀಮುದ್ದೀನ ಮಸೀದಿ ಕೇಳ್ರಿ. ಅದು ಆದಿಲ್‌ಶಾಹಿಕಿಂತ ಭಾಳ ಹಳೇದು, 1320ರದು. ಒಳಗ ನಿಂತಾವು ಗುಡಿ ಕಂಬ.

ಆಟೋದವರ ಕೂಡ ಹತ್ತೂಕಿಂತ ಮೊದಲ ರೊಕ್ಕ ಮಾತಾಡ್ರಿ. ಟಾಂಗಾ ಸಿಕ್ಕರೂ ಅಷ್ಟ, ಎಲ್ಲೆಲ್ಲಿ ನಿಲ್ಲಸ್ಬೇಕು ಅಂತ ಹೆಸರ ಹಿಡದು ಹೇಳ್ರಿ.

ಗಾರೆ_ಕಲ್ಲು:
ಮೇಲಿನವರು ದಾರಿ ಚೆನ್ನಾಗಿ ಹೇಳಿದ್ದಾರೆ. ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು ಅನ್ನೋದನ್ನು ಸೇರಿಸುತ್ತೇನೆ. ನನ್ನ ಕೇಳಿದರೆ ಮೆಹತರ್ ಮಹಲ್. ಹೆಸರಿಗೆ ಮಹಲ್, ಇರೋದು ಒಂದು ಸಣ್ಣ ಮಸೀದಿಯ ಹೆಬ್ಬಾಗಿಲು. ಜಾಮಿಯಾ ಮಸೀದಿಯಿಂದ ಆರ್ಕಿಲ್ಲಾ ಕಡೆ ಬರುವ ದಾರಿಯಲ್ಲಿ ಅಂಗಡಿ ಮನೆಗಳ ಸಾಲಿನಲ್ಲೇ ಇದೆ, ತಲೆ ಎತ್ತದಿದ್ದರೆ ದಾಟಿ ಹೋಗಿಬಿಡುತ್ತೀರಿ. ಮುಂದಕ್ಕೆ ಚಾಚಿದ ಸಜ್ಜಾದ ಕೆಳಗಿನ ಆನಿಕೆಗಳನ್ನು ನೋಡಿ. ಅಡ್ಡಗೋಲು ಕೊಟ್ಟು ಬಡಿಗೇರರು ಮಾಡುವ ಕೆಲಸವನ್ನು ಅಲ್ಲಿ ಕಲ್ಲಿನಲ್ಲಿ ಮಾಡಿದ್ದಾರೆ, ತೆಳ್ಳಗಿನ ಆನಿಕೆಯ ಮೈತುಂಬ ಹಕ್ಕಿ, ಬಳ್ಳಿ. ಇಲ್ಲಿಯ ಕರಿಕಲ್ಲು ಉಳಿಗೆ ಸುಲಭವಾಗಿ ಬಗ್ಗುವಂಥದ್ದಲ್ಲ, ಅದಕ್ಕೇ ಆ ಕೆಲಸದ ಮುಂದೆ ಕಾಲು ಗಂಟೆ ನಿಂತರೂ ಕಡಿಮೆ. ಎದುರು ಬದಿಯ ರಸ್ತೆಯಿಂದ ನೋಡಿದರೆ ಕೆತ್ತನೆ ಪೂರ್ತಿ ಕಾಣುತ್ತದೆ, ಬೈಕುಗಳ ಬಗ್ಗೆ ಮಾತ್ರ ಎಚ್ಚರ.

ಜಾಮಿಯಾ ಮಸೀದಿಯ ನೆಲದಲ್ಲಿ ಒಬ್ಬೊಬ್ಬರಿಗೆ ಒಂದರಂತೆ 2,250 ಚೌಕಗಳ ಗೆರೆ ಇದೆ, ಔರಂಗಜೇಬನ ಕಾಲದ್ದು. ಚಿನ್ನದ ಬಣ್ಣದ ಮಿಹ್ರಾಬಿಗೆ (ನಮಾಜಿನ ದಿಕ್ಕು ತೋರುವ ಗೋಡೆಗೂಡು) ಪರದೆ ಹಾಕಿದ್ದರೆ ಅಲ್ಲಿಯವರನ್ನು ಕೇಳಿ, ತಾವೇ ಸರಿಸಬೇಡಿ.

ಇನ್ನೊಂದು: ದಾರಿಯುದ್ದಕ್ಕೂ ಅಲ್ಲಲ್ಲಿ ಬಾಗಿಲು ಕಿಟಕಿ ಇಲ್ಲದ ಎತ್ತರದ ಚೌಕ ಗೋಪುರ ಕಾಣುತ್ತವೆ. ಕಾವಲು ಗೋಪುರ ಅಂದುಕೊಳ್ಳುವವರೇ ಹೆಚ್ಚು. ಅವು ನೀರಿನ ಗೋಪುರಗಳು. ತೊರವಿ ಕಡೆಯಿಂದಲೂ, 1651ರ ಬೇಗಂ ತಲಾಬ್ ಎಂಬ ಕೆರೆಯಿಂದಲೂ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ನಡುನಡುವೆ ಗೋಪುರಕ್ಕೆ ನೀರು ಏರಿಸಿ ಇಳಿಸಿದರೆ ಒತ್ತಡ ತಗ್ಗುತ್ತದೆ, ರಾಡಿ ತಳಕ್ಕೆ ಕೂರುತ್ತದೆ. ಆಸಾರ್ ಮಹಲ್ ಮುಂದಿನ ಹೊಂಡಕ್ಕೂ ನೀರು ಬೇಗಂ ತಲಾಬಿನದೇ. ಇದು ಗೊತ್ತಿದ್ದು ನಡೆದರೆ ಬಾವಡಿ (ಮೆಟ್ಟಿಲಿರುವ ದೊಡ್ಡ ಬಾವಿ), ಹೊಂಡ, ಗೋಪುರ ಎಲ್ಲ ಒಂದೇ ಏರ್ಪಾಡಿನ ಭಾಗಗಳಾಗಿ ಕಾಣುತ್ತವೆ. ಅದಕ್ಕೇ ತಾಜ್ ಬಾವಡಿಯನ್ನು ಬಿಡಬೇಡಿ ಅನ್ನುತ್ತೇನೆ. 1620ರದು, ಮಕ್ಕಾ ದರವಾಜಾ ಹತ್ತಿರ, ದೊಡ್ಡ ಕಮಾನಿನ ಎರಡೂ ಬದಿಗೆ ಎಂಟು ಮೂಲೆಯ ಗೋಪುರ. ನಿಮ್ಮ ತಾಯಿಯವರು ಕಮಾನಿನ ಬಳಿಯಿಂದಲೇ ನೋಡಬಹುದು.

ಹುಬ್ಬಳ್ಳಿ_ಪಯಣಿಗ:
ಎಲ್ಲರಿಗೂ ಧನ್ಯವಾದ. ಶುಕ್ರವಾರ ಬಿಟ್ಟು ಶನಿವಾರ ಮಾಡಿಕೊಂಡೆವು. ಉಪಲಿ ಬುರುಜು ಹತ್ತುವ ಅಗತ್ಯ ಇದೆಯಾ? ಮತ್ತೆ ಮೂರೂವರೆಗೆ ಗಾಂಧಿ ಚೌಕ ಬಿಟ್ಟರೆ ರೋಜಾಕ್ಕೆ ಹೊತ್ತು ಸಾಕಾಗುತ್ತಾ?

ಕೋಟೆಗೋಡೆ:
ನೀವು ಹತ್ತಿ, ತಾಯಿಯವರು ಬೇಡ. ಸುಮಾರು 24 ಮೀಟರ್ ಎತ್ತರ. ಮೆಟ್ಟಿಲು ಬುರುಜಿನ ಹೊರಮೈ ಸುತ್ತಿಕೊಂಡು ಹೋಗುತ್ತದೆ, ತಲೆ ಸುತ್ತುವವರಿಗೆ ಆಗಿಬರೋದಿಲ್ಲ. ಮೇಲೆ ನಿಂತರೆ ನಡೆದು ಬಂದ ದಾರಿ ಪೂರ್ತಿ ತಿಳಿಯುತ್ತದೆ: ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ರೋಜಾದ ಮಿನಾರು. ಅಲ್ಲಿಯ ಉದ್ದನೆ ತೋಪು 9 ಮೀಟರಿಗೂ ಹೆಚ್ಚು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಮೇಲೆ ಬಳೆ ಬಿಗಿದು ಮಾಡಿದ್ದು, ಬಳೆಗಳ ಸಂದಿ ಬರಿಗಣ್ಣಿಗೇ ಕಾಣುತ್ತದೆ. ಅದನ್ನು ನೋಡಿಯೇ ಮಲಿಕ್-ಎ-ಮೈದಾನ್ ಕಡೆ ಹೋಗಿ. ಅದು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್, ಮೈ ಮೇಲೆ ಒಂದು ಬೆಸುಗೆ ಗುರುತಿಲ್ಲ. ಬಾಯಿ ಹತ್ತಿರ ಸಿಂಹದ ದವಡೆಯಲ್ಲಿ ಸಿಕ್ಕ ಆನೆಯನ್ನು ಹುಡುಕಿ.

ಹೊತ್ತು ಸಾಲದಿದ್ದರೆ ಬಿಡಬೇಕಾದದ್ದು ಜೋಡ ಗುಮ್ಮಟ, ಅಂದರೆ ಅಕ್ಕಪಕ್ಕದ ಎರಡು ಗೋರಿ ಕಟ್ಟಡ. ಚೆನ್ನಾಗಿಲ್ಲ ಅಂತಲ್ಲ, ದಾರಿಯಿಂದ ದಕ್ಷಿಣಕ್ಕೆ ಪಕ್ಕಕ್ಕಿದೆ.

ಗಾರೆ_ಕಲ್ಲು:
ರೋಜಾದಲ್ಲಿ ನಾಲ್ಕೂವರೆಗೆ ಇರಿ, ನವೆಂಬರಿನಲ್ಲಿ ಹೊತ್ತು ಬೇಗ ಮುಳುಗುತ್ತದೆ, ಮುಳುಗಿದ ಮೇಲೆ ಒಳಗೆ ಬಿಡೋದಿಲ್ಲ. ಸಮಾಧಿ ಕಟ್ಟಡದ ಹೊರಗೋಡೆಯ ಕೆತ್ತನೆ ಬಹಳ ತೆಳು, ನೆತ್ತಿಯ ಬಿಸಿಲಲ್ಲಿ ಸಪ್ಪಗೆ ಕಾಣುತ್ತದೆ. ಓರೆ ಬೆಳಕು ಬಿದ್ದಾಗ ಅಕ್ಷರ, ಬಳ್ಳಿ ಎದ್ದು ಬರುತ್ತವೆ. ಕಿಟಕಿಯ ಜಾಲರಿಯನ್ನು ಒಳಗಿನಿಂದ ನೋಡಿ, ಬೆಳಕು ಬರುವ ಕಂಡಿಗಳನ್ನು ಅಕ್ಷರಗಳ ನಡುವೆಯೇ ಕೊರೆದಿದ್ದಾರೆ. ಆಮೇಲೆ ಮೇಲೆ ನೋಡಿ: ಸುಮಾರು 12 ಮೀಟರ್ ಚೌಕದ ಕೋಣೆಗೆ ಚಪ್ಪಟೆ ಕಲ್ಲಿನ ಮಾಳಿಗೆ, ನಡುವೆ ಆಧಾರವೇ ಇಲ್ಲ.

ಶಹಾಪೇಟಿ_ಮಂದಿ:
ಶನಿವಾರ ರೋಜಾದ ಮುಂದ ಸಂಜಿಗೆ ಮಂದಿ ಜಾಸ್ತಿ, ಹೊರಗ ಬಂದ ಕೂಡಲೆ ಆಟೋ ಸಿಗೂದು ಕಷ್ಟ ಆಗಬಹುದು. ಇಳಸಿದ ಆಟೋದವರಿಗೇ ಹೊಳ್ಳಿ ಬರಾಕ ಹೇಳಿ ಇಡ್ರಿ. ಸ್ಟೇಷನ್ ಊರಿನ ಆ ತುದಿಗೆ, ಅವ್ವಾರನ್ನ ಮತ್ತ ಅಷ್ಟು ದೂರ ನಡಸಬ್ಯಾಡ್ರಿ.